ಬೆಲೆಚೀಟಿಯ ಹಿಂಬದಿ

ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಇಳಿದ ಮೇಲೆ
ನನ್ನ ಕೆಲಸ ಶುರು.
ಗೋಣಿಕೊಪ್ಪಲಿನ ಬೈಪಾಸಿನ ಈ ದೊಡ್ಡ ಹಾರ್ಡ್‌ವೇರ್ ಮಳಿಗೆಯಲ್ಲಿ
ನಾನು ಬೆಲೆ ಅಂಟಿಸುವವಳು.
ಸಾವಿರದ ತುದಿಯಿಂದ ಒಂದು ರೂಪಾಯಿ ಕೆತ್ತಿ
ಒಂಬೈನೂರ ತೊಂಬತ್ತೊಂಬತ್ತು ಮಾಡುವವಳು;
ಯಾರೂ ಎಂದೂ ಕೊಡದ ಸಾವಿರದ ನಾನೂರನ್ನು ಮೇಲೆ ಬರೆದು
ಕೆಂಪು ಗೀಟೆಳೆದು ಕೊಲ್ಲುವವಳು.
ಹುಟ್ಟದೇ ಇದ್ದ ಬೆಲೆಗೆ ದಿನಾ ತಿಥಿ.

ಬಾಗಿಲಲ್ಲೇ ಟಾರ್ಪಾಲಿನ ಗುಡ್ಡ.
ಕಾಫಿ ಹರಡುವ ಕಾಲ, ಎಲ್ಲರಿಗೂ ಬೇಕು,
ಎಲ್ಲರಿಗೂ ಅದರ ರೇಟು ಬಾಯಿಪಾಠ.
ಅದಕ್ಕೇ ಅದು ಅಸಲಿಗಿಂತ ಇಪ್ಪತ್ತು ಕಮ್ಮಿ.
'ಒಬ್ಬರಿಗೆ ಎರಡೇ' ಎಂದು ಬೋರ್ಡು;
ಒಂದು ಸಾಕಿದ್ದವರೂ ಎರಡು ಹೊರುತ್ತಾರೆ.
ಕಳೆದ ಇಪ್ಪತ್ತು ಒಳಗೆ, ಆರನೇ ಸಾಲಿನಲ್ಲಿ ಕಾದು ಕೂತಿದೆ:
ಪೈಪಿನ ಕ್ಲಾಂಪು, ವಾಷರು, ನಲ್ಲಿಗೆ ಸುತ್ತುವ ಬಿಳಿ ಟೇಪು.
ಯಾರಿಗೆ ನೆನಪಿರುತ್ತದೆ ವಾಷರಿನ ರೇಟು?

ಮೆಣಸು ಕುಯ್ಯುವ ಏಣಿ ಮೂರು ನಿಲ್ಲಿಸಿದ್ದೇವೆ.
ಮೊದಲನೆಯದು ನೋಡಿದರೇ ಮುರಿಯುವಂಥದು,
ಮೂರನೆಯದರ ಬೆಲೆ ಆಕಾಶಕ್ಕೇ ಏಣಿ.
ಅದನ್ನು ಒಂದು ವರ್ಷದಲ್ಲಿ ಯಾರೂ ಕೊಂಡಿಲ್ಲ;
ಅದು ಮಾರಲಿಕ್ಕಲ್ಲ,
ನಡುವಿನದರ ಪಕ್ಕ ನಿಲ್ಲಲಿಕ್ಕೆ.
ಮೊನ್ನೆ ಪೊನ್ನಂಪೇಟೆಯ ಬೊಳ್ಳಮ್ಮಕ್ಕ
ಮೂರನ್ನೂ ತಟ್ಟಿ ನೋಡಿ, ನಡುವಿನದನ್ನು ಜೀಪಿಗೆ ಕಟ್ಟಿಸಿ
"ನಾನು ಯಾಮಾರುವವಳಲ್ಲ" ಎಂದರು.
ನಾನು ಹಗ್ಗ ಬಿಗಿದೆ.

ಮೊದಲು ಸೂಪಿ ಕಾಕನ ಅಂಗಡಿಯಲ್ಲಿದ್ದೆ,
ಮಾರ್ಕೆಟ್ಟಿನ ಹಿಂದೆ, ಎಂಟು ಅಡಿ ಅಗಲ.
ಅಲ್ಲಿ ಬೆಲೆಯೇ ಇರಲಿಲ್ಲ.
ಪ್ರತಿ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಎರಡು ಮೂರು ಅಕ್ಷರ.
ಆರು ತಿಂಗಳಾಗಿ ನಂಬಿಕೆ ಬಂದ ಮೇಲೆ ಮೆಲ್ಲಗೆ ಹೇಳಿದ್ದರು:
ಮಳೆ ನಿಂತು ಬಿಸಿಲು ಬರಲಿ.
ಬೆರಳು ಮಡಚು, ಹತ್ತೇ ಅಕ್ಷರ.
ಮ ಅಂದರೆ ಒಂದು, ಳೆ ಎರಡು, ಕೊನೆಯ ಲಿ ಸೊನ್ನೆ.
ಅದು ಅಸಲು. ಅದರ ಮೇಲೆ ಎಷ್ಟು ಎನ್ನುವುದನ್ನು
ಬಂದವರ ಚಪ್ಪಲಿ ಹೇಳುತ್ತದೆ.

ಐವತ್ತಾರರ ಉಳಿ 'ಬಿಸಿ'. ಮೂವತ್ತನಾಲ್ಕರ ಬೀಗ 'ನಿಂತು'.
ಎಸ್ಟೇಟಿನ ರೈಟರಿಗೆ 'ಬಿಸಿ' ನೂರಾಗುತ್ತಿತ್ತು,
ಲೈನ್‌ಮನೆಯ ಬೊಳಕನಿಗೆ ಅರವತ್ತು,
ಮನೆಯಲ್ಲಿ ಬೈಸಿಕೊಂಡು ಬಂದ ದಿನ ಬೊಳಕನಿಗೂ ತೊಂಬತ್ತು.
ಕಾಕ ಸಾಧು ಎಂದು ನಾನು ಹೇಳುತ್ತಿಲ್ಲ.
ಆದರೆ ಮೋಸಕ್ಕೆ ಒಂದು ಮುಖವಿತ್ತು,
ಅದರೊಡನೆ ಜಗಳವಾಡಬಹುದಿತ್ತು,
ಒಂದೇ ಒಂದು ಮೊಳೆಯೂ ಸಿಗುತ್ತಿತ್ತು.

ಹೋದ ವಾರ ಕಾಕ ಇಲ್ಲಿಗೆ ಬಂದರು.
ಅಂಗಡಿ ಮುಚ್ಚಿ ಆರು ತಿಂಗಳ ಮೇಲೆ, ಕೊಡೆ ಊರಿಕೊಂಡು.
ಎಸಿಯ ಗಾಳಿಗೆ ಟೋಪಿ ಸರಿಮಾಡಿಕೊಂಡು
ಸಾಲು ಸಾಲೂ ತಿರುಗಿದರು.
ಅಳತೆ ಟೇಪಿನ ಮುಂದೆ ನಿಂತರು. ಐದು ಮೀಟರು,
ಇನ್ನೂರ ನಲವತ್ತೊಂಬತ್ತಕ್ಕೆ ಕೆಂಪು ಗೀಟು,
ಕೆಳಗೆ ನೂರ ನಲವತ್ತೊಂಬತ್ತು.
ಚೀಟಿ ಮಗುಚಿದರು.
ಹಿಂಬದಿ, ಪೆನ್ಸಿಲಿನ ಎರಡಕ್ಷರ.
ಲೋಡು ಇಳಿದ ರಾತ್ರಿ ಬಿಲ್ಲು ನೋಡಿ
ಕೈ ಸುಮ್ಮನಿರದೆ ನಾನೇ ಬರೆದದ್ದು:
ಬಲಿ.

ಬೆರಳು ಮಡಚಿದರು. ಮತ್ತೊಮ್ಮೆ ಮಡಚಿದರು.
"ಎಂಬತ್ತಾ?"
ಅದೇ ಕಂಪನಿ, ಅದೇ ಹಳದಿ ಡಬ್ಬಿ.
ಮೂವತ್ತು ವರ್ಷದ ಗುರುತಿಗೆಂದು
ಮೈಸೂರಿನ ಏಜೆಂಟು ಇಳಿಸಿ ಇಳಿಸಿ ಕಾಕನಿಗೆ ಕೊಡುತ್ತಿದ್ದದ್ದು
ನೂರ ಹನ್ನೆರಡಕ್ಕೆ.
'ಮಮಳೆ' ಎಂದು ಅದರ ಮೇಲೂ ನಾನೇ ಬರೆದಿದ್ದೆ.

ನನ್ನ ಮುಖ ನೋಡಲಿಲ್ಲ.
ಮೊಳೆ ಕೇಳಿದರು, ಮೂರಿಂಚಿನದು, ಒಂದು,
ಕೊಡೆ ನೇತುಹಾಕಲಿಕ್ಕೆ.
ಐವತ್ತರ ಪ್ಯಾಕೆಟ್ಟು ಮಾತ್ರ, ಎಂದೆ,
ಇಲ್ಲಿ ಕಲಿಸಿಕೊಟ್ಟ ನಗೆಯಲ್ಲೇ.
ಕೊಂಡರು. ಬಾಗಿಲ ಬಳಿ ಒಂದನ್ನು ಜೇಬಿಗಿಳಿಸಿ
ಉಳಿದದ್ದನ್ನು ನನ್ನ ಕೈಗಿಟ್ಟರು:
"ಇಟ್ಟುಕೋ. ಯಾರಾದರೂ ಒಂದೇ ಕೇಳಿಕೊಂಡು ಬಂದರೆ."

ಗಲ್ಲಾದ ಕೆಳಗಿದೆ.
ಇವತ್ತಿಗೆ ನಲವತ್ತಾರು.